ಕಿವಿ ನೋಡಿ ಕೊಟ್ಟ ಸಂಚಕಾರ: ಪುಣೆಯಲ್ಲಿ ಒಂದು ಶೋ ಕುದುರೆ ಖರೀದಿಯ ಪ್ರಕರಣ

ಪುಣೆಯ ಒಂದು ಕನ್ನಡ ಕುಟುಂಬ ಮಗಳಿಗಾಗಿ ಕುದುರೆ ಕೊಳ್ಳಲು ಹೋದಾಗ ನಡೆದ ಕಥೆ ಇದು. ಅವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಜಾಗ ಮತ್ತು ಕುದುರೆಯ ಬಣ್ಣ ಬದಲಿಸಿದ್ದೇನೆ. ಹಣದ ಲೆಕ್ಕ, ದಿನದ ಲೆಕ್ಕ ಇದ್ದ ಹಾಗೇ ಇದೆ. ಮಾರಲು ಬಂದವರ ಮೇಲೆ ದೂರು ಹೇಳುವ ಉದ್ದೇಶ ನನಗಿಲ್ಲ. ಅರ್ಧ ತಪ್ಪು ನಮ್ಮ ಕಡೆಯದು, ಅದರಲ್ಲಿ ದೊಡ್ಡದೊಂದು ನನ್ನದೇ.

ನಾನು ಬೆಳಗಾವಿ ಕಡೆಯವನು. ಸೈನ್ಯದ ರಿಮೌಂಟ್ ಮತ್ತು ವೆಟರ್ನರಿ ಕೋರ್‌ನಲ್ಲಿ 22 ವರ್ಷ ಕುದುರೆಗಳ ಜೊತೆ ಕಳೆದೆ. ಸಹರಾನ್‌ಪುರದ ಡಿಪೋದಲ್ಲೂ ಇದ್ದೆ. ನಿವೃತ್ತಿಯಾದ ಮೇಲೆ ಪುಣೆಯಲ್ಲೇ ಉಳಿದೆ. ಕುದುರೆ ಕೊಳ್ಳುವವರು ಆಗಾಗ ‘ಒಂದ್ಸಲ ಬಂದು ನೋಡಿ’ ಎಂದು ಕರೆಯುತ್ತಾರೆ. ಹೋಗಿ ನೋಡುತ್ತೇನೆ. ಫೀಸು ಗೀಸು ಏನೂ ಇಲ್ಲ, ಒಂದು ಕಪ್ ಚಹಾ ಸಾಕು.

ಹಿನ್ನೆಲೆ

ಕುಟುಂಬದವರನ್ನು ಶೆಟ್ರು ಎನ್ನೋಣ. ಕುಂದಾಪುರದ ಕಡೆಯವರು, ಪುಣೆಯಲ್ಲಿ ಎರಡು ಹೋಟೆಲ್. ಮಗಳಿಗೆ ಹದಿಮೂರು ತುಂಬಿ ಹದಿನಾಲ್ಕು ನಡೆಯುತ್ತಿತ್ತು. ನಾಲ್ಕು ವರ್ಷದಿಂದ ಒಂದು ರೈಡಿಂಗ್ ಕ್ಲಬ್‌ಗೆ ಹೋಗುತ್ತಿದ್ದಳು. ಕ್ಲಬ್ಬಿನ ಕುದುರೆಯ ಮೇಲೇ ಸಣ್ಣಪುಟ್ಟ ಸ್ಪರ್ಧೆಗಳಲ್ಲಿ 80 ಸೆಂಟಿಮೀಟರ್ ಅಡ್ಡಗಂಬ ಹಾರಿಸುತ್ತಿದ್ದಳು. ಇನ್ನು ಮುಂದೆ ಹೋಗಬೇಕಾದರೆ ಸ್ವಂತ ಕುದುರೆ ಇದ್ದರೆ ಒಳ್ಳೆಯದು ಎಂದು ಕೋಚ್ ಒಮ್ಮೆ ಹೇಳಿದ್ದರಂತೆ.

ಶೆಟ್ರು ಆ ಮಾತನ್ನು ಮನಸ್ಸಿನಲ್ಲೇ ಇಟ್ಟುಕೊಂಡರು. ಸೆಪ್ಟೆಂಬರ್‌ನಲ್ಲಿ ಮಗಳ ಹುಟ್ಟುಹಬ್ಬ. ಹೇಳದೆ ಕೇಳದೆ ಕುದುರೆ ತಂದು ಎದುರಿಗೆ ನಿಲ್ಲಿಸಬೇಕು ಎಂಬ ಆಸೆ. ಆದ್ದರಿಂದ ಮಗಳಿಗೂ ಹೇಳಲಿಲ್ಲ, ಕೋಚ್‌ಗೂ ಹೇಳಲಿಲ್ಲ. ಮುಂದೆ ನಡೆದದ್ದಕ್ಕೆಲ್ಲ ಬೀಜ ಬಿದ್ದದ್ದು ಇಲ್ಲೇ ಎಂದು ನನಗೆ ಈಗ ಅನ್ನಿಸುತ್ತದೆ. ಕುದುರೆ ಹತ್ತುವವಳಿಗೂ ಗೊತ್ತಿಲ್ಲ, ಹತ್ತಲು ಕಲಿಸುವವನಿಗೂ ಗೊತ್ತಿಲ್ಲ. ಗೊತ್ತಿದ್ದವನು ದುಡ್ಡು ಕೊಡುವವನೊಬ್ಬನೇ.

ಜುಲೈ ಕೊನೆಯಲ್ಲಿ ಹೋಟೆಲ್‌ಗೆ ಹಾಲು ಹಾಕುವವನ ಮೂಲಕ ಒಂದು ವೀಡಿಯೊ ಬಂತು. ಸೋಲಾಪುರ ರಸ್ತೆಯಲ್ಲಿ, ಹಡಪ್ಸರ್ ದಾಟಿದ ಮೇಲೆ ಒಬ್ಬರ ಲಾಯ. ಅವರಲ್ಲಿ ಮಾರಾಟಕ್ಕಿದ್ದ ಮಾರ್ವಾಡಿ ತಳಿಯ ಹೆಣ್ಣು ಕುದುರೆ. ಕಂದು ಮೈ, ನಾಲ್ಕೂ ಕಾಲು ಬಿಳಿ, ಹಣೆಯಿಂದ ಮೂಗಿನ ತನಕ ಬಿಳಿ ಪಟ್ಟೆ, ಅಂದರೆ ಪಂಚಕಲ್ಯಾಣಿ. ಮಾರ್ವಾಡಿಯ ಕಿವಿ ನೋಡಿದವರಿಗೆ ಗೊತ್ತು: ಒಳಕ್ಕೆ ಬಾಗಿ ತುದಿಗೆ ತುದಿ ತಾಗುತ್ತದೆ. ಇದರದ್ದಂತೂ ಕಮಾನು ಕಟ್ಟಿದ ಹಾಗೆ. ಢೋಲ್ ಬಾರಿಸಿದರೆ ಮುಂಗಾಲು ಎತ್ತಿ ಎತ್ತಿ ಕುಣಿಯುತ್ತದೆ. ನಂದುರ್ಬಾರ್ ಜಿಲ್ಲೆಯ ಸಾರಂಗಖೇಡಾದಲ್ಲಿ, ತಾಪಿ ನದಿಯ ದಡದಲ್ಲಿ, ದತ್ತ ಜಯಂತಿಗೆ ದೊಡ್ಡ ಕುದುರೆ ಜಾತ್ರೆ ನಡೆಯುತ್ತದಲ್ಲ, ಅಲ್ಲಿಂದ ತಂದದ್ದು ಎಂದರು. ವಯಸ್ಸು ಆರು, ಎತ್ತರ 62 ಇಂಚು. ಕೊರಳಲ್ಲಿ ದೇವಮಣಿ ಎಂಬ ಕೂದಲ ಸುಳಿ ಬೇರೆ ಇದೆ, ಅದು ಇರುವ ಮನೆಗೆ ಕೇಡಿಲ್ಲ. ಬೆಲೆ ನಾಲ್ಕೂವರೆ ಲಕ್ಷ. ‘ಪ್ಯೂರ್ ಶೋ ಘೋಡಿ ಸಾಹೇಬ್.’

ಶೆಟ್ರು ಹೋಗಿ ನೋಡಿದರು, ಮರುಳಾದರು. ಅಲ್ಲೇ ನಿಂತು ಫೋನಿನಲ್ಲಿ 50 ಸಾವಿರ ಸಂಚಕಾರ ಕಳಿಸಿದರು. ‘ಟೋಕನ್’ ಎಂದು ಒಂದು ಪದ ಬರೆದದ್ದು ಬಿಟ್ಟರೆ ಕಾಗದ ಪತ್ರ ಏನೂ ಇಲ್ಲ. ಇದೆಲ್ಲ ಮುಗಿದ ಮೇಲೆ, ಗಣೇಶನಗರದ ಕನ್ನಡ ಸಂಘದಲ್ಲಿ ಒಂದು ಕಾರ್ಯಕ್ರಮ ಮುಗಿಸಿ ಹೊರಗೆ ಬರುವಾಗ ನನ್ನನ್ನು ಹಿಡಿದರು. ‘ದಫೇದಾರ್ರೇ, ಒಂದು ಕುದುರೆ ತಕೊಂಡಿದ್ದೇನೆ ಮಾರಾಯ್ರೆ. ಸುಮ್ನೆ ಒಮ್ಮೆ ನೋಡಿ ಹೇಳಿ.’

ತಕೊಂಡ ಮೇಲೆ ನೋಡುವುದೇನು ಎಂದು ಕೇಳಬೇಕಿತ್ತು. ಕೇಳಲಿಲ್ಲ.

ಒಂದು ಪದ, ಮೂರು ಅರ್ಥ

‘ಶೋ ಕುದುರೆ’ ಅಂದರೆ ಏನು ಎಂಬುದರಲ್ಲೇ ಗೊಂದಲ ಇತ್ತು. ಮಾರುವವರ ಬಾಯಲ್ಲಿ ಶೋ ಅಂದರೆ ಜಾತ್ರೆಯ ಮೈದಾನ, ಮದುವೆಯ ಮೆರವಣಿಗೆ. ಅಲ್ಲಿ ಕಿವಿ, ಕುತ್ತಿಗೆ, ಬಣ್ಣ, ಎತ್ತರ, ಕುಣಿತ ಎಲ್ಲಕ್ಕೂ ಬೆಲೆ. ಅದು ಸುಳ್ಳಲ್ಲ, ಅದೂ ಒಂದು ವಿದ್ಯೆ. ಶೆಟ್ರಿಗೆ ಶೋ ಅಂದರೆ ನಾಲ್ಕು ಜನ ತಿರುಗಿ ನೋಡುವುದು. ಮಗಳಿಗೆ ಮಾತ್ರ ಶೋ ಅಂದರೆ ಮರಳಿನ ಅಂಗಳ, ಎಂಟು ಹತ್ತು ಅಡ್ಡಗಂಬ, ಗಡಿಯಾರ. ಒಂದೇ ಪದ ಹಿಡಿದುಕೊಂಡು ಮೂವರೂ ಮೂರು ಕುದುರೆ ಕೊಳ್ಳುತ್ತಿದ್ದರು ಅಲ್ವಾ!

ಮಾರ್ವಾಡಿ ಕುದುರೆ ಅಡ್ಡಗಂಬ ಹಾರುವುದಿಲ್ಲ ಅಂತಲ್ಲ, ಚೆನ್ನಾಗಿ ಹಾರುವವನ್ನು ನಾನೇ ನೋಡಿದ್ದೇನೆ. ಆದರೆ ಢೋಲಿಗೆ ಕುಣಿಯಲು ಕಲಿತ ಕುದುರೆ ಮೈಕು, ಚಪ್ಪಾಳೆ ಕೇಳಿದ ತಕ್ಷಣ ಏನು ಮಾಡುತ್ತದೆ ಎಂಬುದನ್ನು ಯೋಚಿಸಬೇಕು. ಡಾಂಬರು ರಸ್ತೆಯ ಮೇಲೆ ವರ್ಷಗಟ್ಟಲೆ ಮುಂಗಾಲು ಕುಟ್ಟಿ ಕುಟ್ಟಿ ಆ ಕಾಲು ಎಷ್ಟು ಸವೆದಿದೆ ಎಂಬುದನ್ನೂ ಯೋಚಿಸಬೇಕು.

ಮೊದಲ ಭೇಟಿ, ನನ್ನ ತಪ್ಪು

ಆಗಸ್ಟ್ ಮೊದಲ ಭಾನುವಾರ ಬೆಳಿಗ್ಗೆ 10 ಗಂಟೆಗೆ ಬರುತ್ತೇವೆ ಎಂದು ನಾನೇ ಫೋನ್ ಮಾಡಿ ಹೇಳಿದೆ. ಇದೇ ಆ ದೊಡ್ಡ ತಪ್ಪು. ಸೈನ್ಯದ ಲಾಯದಲ್ಲಿ ಕುದುರೆಯ ಜ್ವರ, ಕುಂಟು, ಔಷಧಿ ಎಲ್ಲ ರಿಜಿಸ್ಟರಿನಲ್ಲಿ ಇರುತ್ತದೆ. ಯಾರೂ ನಮ್ಮಿಂದ ಮುಚ್ಚಿಡುವುದಿಲ್ಲ. ಆ ಅಭ್ಯಾಸದಲ್ಲೇ ನಾನು ಮಾರುಕಟ್ಟೆಗೆ ಹೋದೆ.

ನಾವು ಹೋಗುವಾಗ ಕುದುರೆಗೆ ಜೀನು ಹಾಕಿ ಆಗಿತ್ತು. ಮೈ ಬಿಸಿ, ಕುತ್ತಿಗೆಯ ಮೇಲೆ ಬೆವರು. ‘ಸ್ವಲ್ಪ ಓಡಿಸಿದೆವು’ ಎಂದರು. ಕೀಲಿನ ಬಿಗಿತ ಇದ್ದರೆ ಅರ್ಧ ಗಂಟೆ ಓಡಿಸಿದ ಮೇಲೆ ಎಷ್ಟೋ ಮರೆಯಾಗುತ್ತದೆ. ಮೇಲಿಂದ ಆಗಸ್ಟ್ ಮಳೆ, ಅಂಗಳವೆಲ್ಲ ಮೆತ್ತನೆ ಕೆಸರು. ಗೊರಸಿನ ಒಳಗೆ ನೋವಿರುವ ಕುದುರೆ ಮೆತ್ತಗಿನ ನೆಲದಲ್ಲಿ ಚೆನ್ನಾಗಿಯೇ ನಡೆಯುತ್ತದೆ, ಗಟ್ಟಿ ನೆಲದ ಮೇಲೆ ಬಣ್ಣ ಬಯಲು. ಇದು ಗೊತ್ತಿದ್ದೂ ‘ರಸ್ತೆಗೆ ತನ್ನಿ’ ಎಂದು ನಾನು ಹೇಳಲಿಲ್ಲ. ಟ್ರಕ್ಕುಗಳು ಓಡಾಡುತ್ತಿದ್ದವು, ಮಳೆ ಬರುತ್ತಿತ್ತು. ನೆಪಕ್ಕೇನು ಬರ!

ಒಂದೇ ಒಂದು ಒಳ್ಳೆಯ ಕೆಲಸ ಮಾಡಿದೆ. ‘ಮಗಳು ಹತ್ತದೆ ನಾನು ಹೂಂ ಅನ್ನೂದಿಲ್ಲ ರೀ ಶೆಟ್ರೇ’ ಎಂದೆ. ಹುಟ್ಟುಹಬ್ಬದ ಗುಟ್ಟು ಹಾಳಾಗುತ್ತದೆ ಎಂದು ಅವರ ಮುಖ ಸಣ್ಣದಾಯಿತು. ಎರಡು ದಿನ ಬಿಟ್ಟು ಹೇಳಿದರು. ಮುಂದಿನ ಭಾನುವಾರ ಹುಡುಗಿ ಬಂದಳು. ಆ ದಿನವೂ ಹೊತ್ತು ಮೊದಲೇ ಹೇಳಿಯೇ ಹೋಗಿದ್ದೆವು. ಕುದುರೆಯ ಕಿವಿ ನೋಡಿ ಅವಳಿಗೂ ಕಣ್ಣು ಅರಳಿತು. ಇಪ್ಪತ್ತು ನಿಮಿಷ ಓಡಿಸಿದಳು. ಇಳಿದು ಬಂದು ನನ್ನ ಹತ್ತಿರ ಮೆಲ್ಲಗೆ, ‘ಮಾಮಾ, ಎಡಕ್ಕೆ ತಿರುಗುವಾಗ ಇವಳ ಹೆಜ್ಜೆ ಚಿಕ್ಕದಾಗುತ್ತೆ. ಬಲಕ್ಕೆ ಸರಿ ಇದ್ದಾಳೆ’ ಎಂದಳು.

ಇಡೀ ಪ್ರಕರಣದಲ್ಲಿ ಮೊದಲ ನಿಜವಾದ ಮಾತು ಅದು. ಎಡ ಮುಂಗಾಲು ನೋಯುತ್ತಿದ್ದರೆ ಎಡಕ್ಕೆ ಸುತ್ತುವಾಗ ಆ ಕಾಲು ಒಳಬದಿಗೆ ಬರುತ್ತದೆ, ಭಾರ ಬೀಳುತ್ತದೆ, ಹೆಜ್ಜೆ ಮೊಟಕಾಗುತ್ತದೆ. ಮಾರುವವರು ನಕ್ಕು, ‘ಹೊಸ ಸವಾರಿ ಅಲ್ವಾ ಬೇಟಾ, ಕೈ ಪರಿಚಯ ಆಗಬೇಕು’ ಎಂದರು. ಶೆಟ್ರು ತಲೆ ಆಡಿಸಿದರು. ನಾನೂ ಸುಮ್ಮನಿದ್ದೆ. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ.

ಅಜ್ಜಿಯ ಸುಳಿ

ಶೆಟ್ರ ತಾಯಿ ಊರಿನಲ್ಲಿದ್ದಾರೆ. ಅವರ ತವರಿನಲ್ಲಿ ಕಂಬಳದ ಕೋಣ ಸಾಕುತ್ತಿದ್ದರಂತೆ. ಸುಳಿ ನೋಡದೆ ಒಂದು ಕರುವೂ ಮನೆ ಮೆಟ್ಟಿಲು ಹತ್ತಿದ್ದಿಲ್ಲ. ಮಗ ಸಂಚಕಾರ ಕೊಟ್ಟ ಸುದ್ದಿ ಕೇಳಿ ಫೋನಿನಲ್ಲೇ ಬೈದರು: ‘ಸುಳಿ ಕಾಣ್ದೆ ದುಡ್ಡ್ ಕೊಟ್ಟ್ ಬಂದ್ಯಾ?’ ಹುಡುಗಿ ಸವಾರಿ ಮಾಡಿದ ದಿನವೇ ಶೆಟ್ರು ಹಣೆ, ಕೊರಳು, ಎದೆ, ಪಕ್ಕೆ ಎಲ್ಲ ಕಡೆಯ ಸುಳಿಗಳ ಫೋಟೊ ಹತ್ತಿರದಿಂದ ತೆಗೆದು ಅಜ್ಜಿಗೆ ಕಳಿಸಿದ್ದರು. ನಾನು ಒಳಗೊಳಗೇ ನಕ್ಕಿದ್ದೆ. ಸುಳಿಯಲ್ಲಿ ಅದೃಷ್ಟ ಇದೆ ಎಂಬುದನ್ನು ನಾನು ನಂಬಿದವನಲ್ಲ, ಈಗಲೂ ನಂಬುವುದಿಲ್ಲ. ಆದರೆ ಆ ಫೋಟೊಗಳು ಕೆಲಸಕ್ಕೆ ಬಂದವು.

ಕುದುರೆಯ ಪಾಸ್‌ಪೋರ್ಟಿನಲ್ಲಿ ಅಂದರೆ ಅದರ ಗುರುತಿನ ಪುಸ್ತಕದಲ್ಲಿ, ಒಂದು ಖಾಲಿ ಕುದುರೆಯ ಚಿತ್ರ ಇರುತ್ತದೆ. ಎಡ ಮಗ್ಗುಲು, ಬಲ ಮಗ್ಗುಲು, ಮುಖ, ಕಾಲುಗಳು. ಅದರ ಮೇಲೆ ಡಾಕ್ಟರು ಬಿಳಿ ಗುರುತುಗಳನ್ನು ಕೆಂಪು ಶಾಯಿಯಲ್ಲಿ ತುಂಬುತ್ತಾರೆ. ಸುಳಿ ಇರುವ ಜಾಗದಲ್ಲಿ ಗುಣಾಕಾರ ಚಿಹ್ನೆ ಹಾಕುತ್ತಾರೆ. ಸುಳಿ ಹುಟ್ಟಿನಿಂದ ಬಂದದ್ದು, ಬದಲಾಗುವುದಿಲ್ಲ. ನಮ್ಮ ಬೆರಳಚ್ಚಿನ ಹಾಗೆ ಎನ್ನಿ. ಮಾರುವವರು ಪಾಸ್‌ಪೋರ್ಟಿನ ಜೆರಾಕ್ಸ್ ಕೊಟ್ಟಿದ್ದರು. ಆ ರಾತ್ರಿ ನಿದ್ದೆ ಬಾರದೆ ಅದನ್ನು ಎದುರಿಗಿಟ್ಟುಕೊಂಡು ಶೆಟ್ರ ಫೋಟೊಗಳನ್ನು ಒಂದೊಂದಾಗಿ ತಾಳೆ ನೋಡಿದೆ. ಯಾವ ದೇವಮಣಿಯ ಹೆಸರು ಹೇಳಿ ಬೆಲೆ ಏರಿಸಿದ್ದರೋ, ಆ ದೇವಮಣಿಯ ಜಾಗದಲ್ಲಿ ಪಾಸ್‌ಪೋರ್ಟಿನ ಚಿತ್ರದಲ್ಲಿ ಯಾವ ಗುರುತೂ ಇರಲಿಲ್ಲ. ಕೊರಳು ಖಾಲಿ. ಜೆರಾಕ್ಸಿನಲ್ಲಿ ಬಣ್ಣ ತಿಳಿಯುವುದಿಲ್ಲ, ಆದರೂ ಹಿಂಬದಿಯ ಬಲಗಾಲಿನ ಬಿಳಿ ಗೊರಸಿನ ಹತ್ತಿರವೇ ನಿಂತಿತ್ತು. ನಾವು ಕಂಡ ಕುದುರೆಗೆ ಅದು ಅರ್ಧ ಕಾಲಿನವರೆಗೆ ಏರಿತ್ತು.

ಬೆಳಿಗ್ಗೆ 6 ಗಂಟೆ

ಪರಿಚಯದ ಕುದುರೆ ಡಾಕ್ಟರೊಬ್ಬರಿಗೆ ಹೇಳಿದೆ. ಗುರುವಾರದೊಳಗೆ ಬರುತ್ತೇವೆ ಎಂದಷ್ಟೇ ಲಾಯದವರಿಗೆ ತಿಳಿಸಿದ್ದೆವು. ಬುಧವಾರ ಬೆಳಿಗ್ಗೆ 6ಕ್ಕೇ ಹೋದೆವು. ಮಾಲೀಕರು ಇನ್ನೂ ಬಂದಿರಲಿಲ್ಲ. ಲಾಯದ ಹುಡುಗ ಬಾಗಿಲು ತೆಗೆದ.

ಕುದುರೆ ಮೂಲೆಯಲ್ಲಿ ನಿಂತಿತ್ತು. ಎಡ ಮುಂಗಾಲು ಒಂದು ಗೇಣು ಮುಂದೆ ಚಾಚಿ, ಭಾರ ಹಾಕದೆ. ದನ ಕಾದವರಿಗೂ ಆ ನಿಲುವು ಅರ್ಥವಾಗುತ್ತದೆ. ಡಾಕ್ಟರು ರಸ್ತೆಗೆ ತರಲು ಹೇಳಿದರು. ಹಗ್ಗ ಹಿಡಿದು ನೇರ ಓಡಿಸಿದಾಗ ಎಡಗಾಲು ನೆಲ ಮುಟ್ಟಿದ ಪ್ರತಿಸಲ ತಲೆ ಮೇಲಕ್ಕೆ ಹೋಗುತ್ತಿತ್ತು. ಮುಂಗಾಲು ನೋವಿಗೆ ಅದೇ ಲಕ್ಷಣ: ನೋಯುವ ಕಾಲು ಊರುವಾಗ ತಲೆ ಎತ್ತುತ್ತದೆ, ಒಳ್ಳೆ ಕಾಲು ಊರುವಾಗ ತಗ್ಗಿಸುತ್ತದೆ. ಶೆಟ್ರು ಮೊನ್ನೆ ಕಂಡ ಕುದುರೆಯೇ ಇದು ಎಂದು ನಂಬಲಿಲ್ಲ. ಲಾಯದ ಹುಡುಗ ಪಾಪ, ತನ್ನ ತಪ್ಪೇನೋ ಎಂದುಕೊಂಡು ಹೇಳಿದ: ‘ಇವತ್ತು ಇನ್ನೂ ಪುಡಿ ಕೊಟ್ಟಿಲ್ಲ ಸಾಹೇಬ್.’

ಡಾಕ್ಟರು ನನ್ನ ಮುಖ ನೋಡಿದರು. ಕುದುರೆಗಳಿಗೆ ನೋವು ಇಳಿಸಲು ಕೊಡುವ ಫಿನೈಲ್‌ಬ್ಯುಟಾಝೋನ್ ಪುಡಿ ಹಳೆಯ ಔಷಧಿ. ಬ್ಯೂಟ್ ಎನ್ನುತ್ತಾರೆ. ಕೊಡುವುದರಲ್ಲಿ ತಪ್ಪಿಲ್ಲ, ಕೊಟ್ಟು ಹೇಳದೆ ಮಾರುವುದರಲ್ಲಿ ಇದೆ.

ಬಾಯಿ ತೆಗೆಸಿದರು. ಕುದುರೆಗೆ ಮುಂಭಾಗದ ಹಾಲುಹಲ್ಲುಗಳೆಲ್ಲ ಬಿದ್ದು ಹೊಸವು ಬಂದು ಬಾಯಿ ತುಂಬುವುದು ಐದನೇ ವರ್ಷಕ್ಕೆ. ಸುಮಾರು ಹತ್ತರ ಹೊತ್ತಿಗೆ ಮೇಲ್ದವಡೆಯ ಮೂಲೆ ಬಾಚಿಹಲ್ಲಿನ ಮೇಲೆ, ಒಸಡಿನ ಹತ್ತಿರ, ಉದ್ದಕ್ಕೆ ಒಂದು ಗೀರು ಕಾಣಿಸುತ್ತದೆ. ಹದಿನೈದಕ್ಕೆ ಅದು ಅರ್ಧ ಹಲ್ಲಿಗೆ ಇಳಿಯುತ್ತದೆ. ಇವಳ ಗೀರು ಇಳಿಯಲು ಶುರುವಾಗಿ ಎಷ್ಟೋ ಕಾಲವಾಗಿತ್ತು. ಆರು ವರ್ಷ ಅಲ್ಲ, ಕಡಿಮೆ ಅಂದರೂ ಹನ್ನೊಂದು ಎಂದರು ಡಾಕ್ಟರು. ದಾನ ಕೊಟ್ಟ ಆಕಳ ಹಲ್ಲು ಎಣಿಸಬಾರದು, ಸರಿ. ನಾಲ್ಕೂವರೆ ಲಕ್ಷ ಕೊಟ್ಟು ತರುವುದಕ್ಕೆ ಎಣಿಸಬೇಕಲ್ಲ!

ಆಮೇಲೆ ಪಾಸ್‌ಪೋರ್ಟ್. ಮೈಕ್ರೋಚಿಪ್ಪಿನ ನಂಬರ್ ಅದರಲ್ಲಿ ಬರೆದಿತ್ತು. ಚಿಪ್ಪನ್ನು ಕುತ್ತಿಗೆಯಲ್ಲಿ ಹಾಕಿರುತ್ತಾರೆ. ಡಾಕ್ಟರು ಸ್ಕ್ಯಾನರನ್ನು ಎಡಕ್ಕೆ, ಬಲಕ್ಕೆ, ಮೇಲಕ್ಕೆ, ಕೆಳಕ್ಕೆ ಆಡಿಸಿದರು. ಸದ್ದೇ ಇಲ್ಲ.

ಇದು ಬರೀ ಕಾಗದದ ಮೋಸ ಅಲ್ಲ. ಪಾಸ್‌ಪೋರ್ಟ್ ಬೇರೆ ಕುದುರೆಯದಾದರೆ ಅದರ ಜೊತೆಗೆ ಪಿನ್ ಮಾಡಿದ್ದ ಗ್ಲಾಂಡರ್ಸ್ ರಕ್ತಪರೀಕ್ಷೆಯ ವರದಿಯೂ ಬೇರೆ ಕುದುರೆಯದೇ. ಗ್ಲಾಂಡರ್ಸ್ ಮನುಷ್ಯರಿಗೂ ಅಂಟುವ ರೋಗ. ಖಚಿತವಾದರೆ ಕಾನೂನಿನ ಪ್ರಕಾರ ಕುದುರೆಯನ್ನು ಕೊಲ್ಲಲೇಬೇಕು. 1899ರಷ್ಟು ಹಿಂದೆಯೇ ಇದಕ್ಕೊಂದು ಕಾಯ್ದೆ ಮಾಡಿದ್ದಾರೆ ಅಂದರೆ ಭಯ ಎಷ್ಟಿತ್ತು ನೋಡಿ. ರಕ್ತದ ಪರೀಕ್ಷೆಯಲ್ಲಿ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಕುದುರೆ ಸಂಶೋಧನಾ ಕೇಂದ್ರದ ಮಾತೇ ದೊಡ್ಡ ಮಾತು. ಇಂಥ ವರದಿ ಇಲ್ಲದ ಕುದುರೆಯನ್ನು ಹುಡುಗಿಯ ಕ್ಲಬ್ಬಿಗೆ ತಂದು ಕಟ್ಟಿದ್ದರೆ ಅಲ್ಲಿದ್ದ 18 ಕುದುರೆಗಳ ಪಾಡೇನು? ಈ ಕುದುರೆಗೆ ರೋಗ ಇತ್ತು ಎನ್ನುತ್ತಿಲ್ಲ. ಇಲ್ಲ ಎಂದು ಹೇಳಲು ನಮ್ಮ ಕೈಯಲ್ಲಿ ಏನೂ ಇರಲಿಲ್ಲ, ಅಷ್ಟೇ.

ಅಗ್ಗದ ಆಸೆ

ಮಾಲೀಕರು 8 ಗಂಟೆಗೆ ಬಂದರು. ಕೂಗಾಡಲಿಲ್ಲ. ಪಾಸ್‌ಪೋರ್ಟ್ ಅದಲು ಬದಲಾಗಿದೆ ಎಂದರು. ಕಾಲು ಮೊನ್ನೆ ಲಾಳ ಕಟ್ಟುವಾಗ ನೊಂದದ್ದು ಎಂದರು. ಆಮೇಲೆ ಚಹಾ ತರಿಸಿ ಹೇಳಿದರು: ‘ಸಾಹೇಬ್, ಎರಡೂಕಾಲು ಲಕ್ಷಕ್ಕೆ ಒಯ್ಯಿರಿ. ಟೋಕನ್ ಅದರಲ್ಲೇ ಮುರಿದುಕೊಳ್ಳಿ.’

ನನ್ನ ಪ್ರಕಾರ ಅತಿ ಅಪಾಯದ ಗಳಿಗೆ ಇದೇ. ಕುಂಟು ಕಂಡಾಗ ಎಲ್ಲರೂ ಎಚ್ಚರಾಗುತ್ತಾರೆ. ಬೆಲೆ ಅರ್ಧ ಇಳಿದಾಗ ಮತ್ತೆ ಮಂಪರು ಬರುತ್ತದೆ. ಶೆಟ್ರು ನನ್ನನ್ನು ಪಕ್ಕಕ್ಕೆ ಕರೆದರು. ‘ಚಿಕಿತ್ಸೆ ಮಾಡಿಸಿದರೆ ಆಯ್ತಲ್ಲ ದಫೇದಾರ್ರೇ? ಎರಡು ಲಕ್ಷ ಉಳೀತದೆ.’

ಹೋಟೆಲ್‌ನವರಿಗೆ ಲೆಕ್ಕದಲ್ಲೇ ಹೇಳಬೇಕು. ಬಿಲ್ಲಿನ ಹಿಂದೆ ಬರೆದು ತೋರಿಸಿದೆ. ಅವರ ಕ್ಲಬ್ಬಿನಲ್ಲಿ ಒಂದು ಕುದುರೆ ಕಟ್ಟಲು, ಮೇವು, ಆಳು ಸೇರಿ ತಿಂಗಳಿಗೆ 25 ಸಾವಿರ. ವರ್ಷಕ್ಕೆ 3 ಲಕ್ಷ. ಲಾಳ, ಔಷಧಿ, ಸ್ಪರ್ಧೆಯ ಗಾಡಿ ಬಾಡಿಗೆ ಬೇರೆ. ಓಡುವ ಕುದುರೆ ತಿನ್ನುವಷ್ಟೇ ಕುಂಟುವ ಕುದುರೆಯೂ ತಿನ್ನುತ್ತದೆ. ಇನ್ನೂ ಹತ್ತು ವರ್ಷಕ್ಕಿಂತ ಜಾಸ್ತಿ ಬದುಕಬಹುದು. ‘ಖರೀದಿ ಬೆಲೆ ಅನ್ನೂದು ಇದರೊಳಗ ಚಿಲ್ಲರೆ ರೀ. ನೀವು ಎರಡು ಲಕ್ಷ ಉಳಸಾಕ ಹೋಗಿ ಎಷ್ಟು ಕೊಡ್ತೀರಿ ನೋಡ್ರಿ.’

ಡಾಕ್ಟರ ಮಾತು ಇನ್ನೂ ನೇರ. ಗೊರಸಿನ ಒಳಗಿನ ಸಣ್ಣ ಮೂಳೆ ಸವೆದಿರುವ ಅನುಮಾನ ಇದೆ, ಎಕ್ಸ್-ರೇ ತೆಗೆದರೆ ಖಾತ್ರಿಯಾಗುತ್ತದೆ. ಅದೇ ಆಗಿದ್ದರೆ ನೋವು ಕಡಿಮೆ ಮಾಡಬಹುದು, ವಾಸಿ ಮಾಡಲಾಗುವುದಿಲ್ಲ. ಅಡ್ಡಗಂಬ ಹಾರಿಸುವುದಂತೂ ಬೇಡವೇ ಬೇಡ.

ಶೆಟ್ರು ಮಗಳಿಗೆ ಫೋನ್ ಹಚ್ಚಿದರು. ಶಾಲೆಗೆ ಹೊರಡುತ್ತಿದ್ದಳು. ಅತ್ತಳು. ಅತ್ತು ಮುಗಿಸಿ, ‘ನೋವಿರೋ ಕಾಲಲ್ಲಿ ನಾನು ಹಾರಿಸಲ್ಲ ಪಪ್ಪಾ’ ಎಂದಳು. ಅಲ್ಲಿಗೆ ಆ ಕುದುರೆಯ ಮಾತು ಮುಗಿಯಿತು.

ಆಮೇಲೆ

ಸಂಚಕಾರ ವಾಪಸು ಪಡೆಯಲು ಆರು ವಾರ ಅಲೆದಾಟ. ಯಾವ ಷರತ್ತಿನ ಮೇಲೆ ಕೊಟ್ಟದ್ದು ಎಂದು ಎಲ್ಲೂ ಬರೆದಿರಲಿಲ್ಲ. ‘ಡಾಕ್ಟರ ಪರೀಕ್ಷೆಯಲ್ಲಿ ಪಾಸಾದರೆ ಮಾತ್ರ, ಇಲ್ಲದಿದ್ದರೆ ಪೂರ್ತಿ ವಾಪಸು’ ಎಂದು ವಾಟ್ಸಾಪ್‌ನಲ್ಲಿ ಒಂದು ಸಾಲು ಹಾಕಿ ಆ ಕಡೆಯಿಂದ ಹೂಂ ಅನ್ನಿಸಿಕೊಂಡಿದ್ದರೂ ಸಾಕಿತ್ತು. ಈಗ ನಾನು ಯಾರ ಜೊತೆ ಹೋದರೂ ಆ ಸಾಲು ಬರೆಸದೆ ಜೇಬಿಗೆ ಕೈ ಹಾಕಲು ಬಿಡುವುದಿಲ್ಲ. ಅಂತೂ 30 ಸಾವಿರ ಬಂತು.

ಎರಡನೇ ಸಲ ಹುಡುಕಾಟ ಶುರುವಾದದ್ದು ಕೋಚ್‌ನಿಂದ. ಅವರೂ ಹುಡುಗಿಯೂ ಕೂತು ಒಂದು ಹಾಳೆಯಲ್ಲಿ ಬರೆದರು: ಎಂಟರಿಂದ ಹನ್ನೆರಡು ವರ್ಷ, ಸ್ಪರ್ಧೆ ಕಂಡಿರಬೇಕು, ಮೈಕಿಗೆ ಬೆದರಬಾರದು, 90 ಸೆಂಟಿಮೀಟರ್ ಆರಾಮಾಗಿ ಹಾರಬೇಕು. ಬಣ್ಣದ ಮಾತೇ ಇಲ್ಲ. ಶೆಟ್ರು ಹಾಳೆ ಓದಿ, ‘ಕಿವಿ?’ ಎಂದು ಕೇಳಿದರಂತೆ. ಎರಡು ಇರಬೇಕು ಎಂದಳಂತೆ ಮಗಳು.

ಸಿಕ್ಕಿದ್ದು ಬೀಜ ಒಡೆಸಿದ ಒಂದು ಥರೋಬ್ರೆಡ್, ಅಂದರೆ ರೇಸಿನ ತಳಿಯ ಕುದುರೆ. ಒಂಬತ್ತು ವರ್ಷ. ಎಳೆಯದರಲ್ಲಿ ರೇಸಿನಲ್ಲಿ ಓಡಿ, ಅಲ್ಲಿಂದ ಬಿಡುಗಡೆಯಾಗಿ ನಾಲ್ಕು ವರ್ಷ ಬೇರೊಂದು ಕ್ಲಬ್ಬಿನಲ್ಲಿ ಹಾರಲು ಕಲಿತದ್ದು. ಪುಣೆ, ಮುಂಬಯಿಯಲ್ಲಿ ರೇಸ್ ಬಿಟ್ಟ ಕುದುರೆ ಅಗ್ಗಕ್ಕೆ ಸಿಗುತ್ತದೆ ಎಂದು ಜನ ಮುಗಿಬೀಳುತ್ತಾರೆ. ಟ್ರ್ಯಾಕಿನಿಂದ ನೇರ ಇಳಿದದ್ದು ಮಕ್ಕಳಿಗೆ ಬೇಡ ಎಂಬುದು ನನ್ನ ಹಟ. ಲಗಾಮು ಬಿಗಿ ಹಿಡಿದರೆ ನಿಲ್ಲಬೇಕು ಎಂದು ನಾವು ಅಂದುಕೊಳ್ಳುತ್ತೇವೆ, ಅದು ಇನ್ನೂ ಜೋರು ಓಡು ಎಂದು ತಿಳಿಯುತ್ತದೆ. ಅದನ್ನು ಮರೆಸಲು ತಿಂಗಳುಗಟ್ಟಲೆ ಬೇಕು.

ಇದನ್ನೂ ಒಂದೇ ಸಲಕ್ಕೆ ಕೊಳ್ಳಲಿಲ್ಲ. ಮೂರು ತಿಂಗಳು ಬಾಡಿಗೆಗೆ ತೆಗೆದುಕೊಂಡರು. ಎರಡು ಸಲ ಹೇಳದೆ ಹೋಗಿ ನೋಡಿದ್ದಾಯಿತು. ಒಮ್ಮೆ ಬೆಳಗಿನ ಜಾವ, ಒಮ್ಮೆ ಕೆಲಸ ಮುಗಿಸಿ ನಿಂತ ಮೇಲೆ ಸಂಜೆ. ಪರೀಕ್ಷೆಯ ದಿನವೇ ಡಾಕ್ಟರು ರಕ್ತ ತೆಗೆದು ಇಟ್ಟರು. ಮುಂದೆ ಕಾಲು ನೋವು ಕಾಣಿಸಿದರೆ ಆ ದಿನ ಔಷಧಿ ಇತ್ತೇ ಎಂದು ನೋಡಲು ಬರುತ್ತದೆ. ಚಿಪ್ಪು ಬೀಪ್ ಅಂದಿತು, ಸುಳಿ ಚಿತ್ರಕ್ಕೆ ತಾಳೆಯಾಯಿತು. ಡಿಸೆಂಬರ್‌ನಲ್ಲಿ 1 ಲಕ್ಷ 60 ಸಾವಿರಕ್ಕೆ ಖರೀದಿಯಾಯಿತು. ಹುಟ್ಟುಹಬ್ಬ ಕಳೆದು ಮೂರು ತಿಂಗಳಾಗಿತ್ತು. ಮೊದಲ ಸ್ಪರ್ಧೆಯಲ್ಲಿ ಐದನೇ ಗಂಬದ ಮುಂದೆ ನಿಂತುಬಿಟ್ಟಿತು. ಹುಡುಗಿ ಎರಡನೇ ಸಲಕ್ಕೆ ದಾಟಿಸಿದಳು. ಬಹುಮಾನ ಬರಲಿಲ್ಲ.

ಅಜ್ಜಿಗೆ ಇದರ ಸುಳಿಯ ಫೋಟೊಗಳೂ ಹೋದವು. ಹಣೆಯ ಮೇಲಿನ ಒಂದು ಸುಳಿ ಅವರಿಗೆ ಅಷ್ಟು ಹಿಡಿಸಿಲ್ಲ.

ಉಳಿದ 20 ಸಾವಿರ ಇನ್ನೂ ಬರಬೇಕು. ಮಾರಲು ಬಂದವರು ಶೆಟ್ರನ್ನು ಮರೆತಿಲ್ಲ. ದಸರೆಗೆ, ದೀಪಾವಳಿಗೆ, ಸಂಕ್ರಾಂತಿಗೆ ತಪ್ಪದೆ ಶುಭಾಶಯ ಕಳಿಸುತ್ತಾರೆ. ಪ್ರತಿಸಲವೂ ಒಂದೊಂದು ಹೊಸ ಕುದುರೆಯ ಫೋಟೊ ಜೊತೆಗೆ.